ಸಹಾಯಕ ಪಶುವೈದ್ಯ ಹಾಲಪ್ಪ ಅವರನ್ನು ತಾತ್ಕಾಲಿಕವಾಗಿ ದನವೆಂದು ಪರಿಗಣಿಸಿದ ಬಗ್ಗೆ

ದನ ರೋಗ ನಿರೋಧ ವಿಭಾಗ, ಎನ್ಸ್‌ಕೆಡೆ ವಲಯ
ಸಂಖ್ಯೆ: ದರೋನಿ/ಕೊಂಬು/ಸು-7/ಇತರೆ

ವಿಷಯ: ದನಕ್ಕೆ ಹಾಕತಕ್ಕ ಲಸಿಕೆಯನ್ನು ಸಿಬ್ಬಂದಿಯು ತನಗೇ ಹಾಕಿಕೊಂಡಲ್ಲಿ ಅನುಸರಿಸಬೇಕಾದ ಕ್ರಮಗಳು.

ಉಲ್ಲೇಖ: 1. ಶ್ರೀ ಹಾಲಪ್ಪ ಅವರ ಎಡತೊಡೆ.
2. ಡಚ್ ಭಾಷೆಯ ಮೂಲ ಸುತ್ತೋಲೆ (ಕನ್ನಡ ಸಿಬ್ಬಂದಿಗೆ ಅರ್ಥವಾಗಿರುವುದಿಲ್ಲ, ಡಚ್ ಸಿಬ್ಬಂದಿಗೂ ಆಗಿರುವುದಿಲ್ಲ).

ಕುರಿಗಳ ಮೈಯಲ್ಲಿ ತಣ್ಣಗಿದ್ದು, ದನಗಳಿಗೆ ತಗುಲಿದರೆ ಜೀವವನ್ನೇ ತೆಗೆಯುವ ಹರ್ಪಿಸ್ ವೈರಾಣು ಜ್ವರದ ವಿರುದ್ಧ ಪ್ರಾಯೋಗಿಕ ಲಸಿಕೆಯನ್ನು ರೈತ ಹೆಂಕ್ ಅವರ ಕೊಟ್ಟಿಗೆಯಲ್ಲಿ ಹಾಕಲು ಆದೇಶಿಸಲಾಗಿತ್ತು. ಮುಂದಿನ ತಿಂಗಳು ಪಕ್ಕದ ಹುಲ್ಲುಗಾವಲಿಗೆ ಕುರಿಮಂದೆ ಬರುವುದಿದ್ದು, ಅಷ್ಟರೊಳಗೆ ಲಸಿಕೆ ಮೈಗೆ ಹಿಡಿಯಬೇಕಿತ್ತು. ದನದ ತಲೆಗೊಂದರಂತೆ ಎಣಿಸಿಯೇ ಲಸಿಕೆ ಕೊಡಲಾಗಿತ್ತು.

1. ಕೊನೆಗೆ ಉಳಿದದ್ದು ಬೆರ್ತಾ ಎಂಬ ಹಿರಿಯ ಹಸು. ಹಿಂದಿನ ಚಳಿಗಾಲದಲ್ಲಿ ಇವಳ ಕರು ಇದೇ ಜ್ವರಕ್ಕೆ ಸಿಕ್ಕು, ಹಾಲಪ್ಪನವರ ಮಡಿಲಲ್ಲೇ ಕಣ್ಣು ಮುಚ್ಚಿತ್ತು. ಅಂದಿನಿಂದ ಅವರಿಗೆ ಬೆರ್ತಾಳೆಂದರೆ ಒಂದು ತೂಕ ಹೆಚ್ಚೇ ಅಕ್ಕರೆ. "ಒಂದೇ ನಿಮಿಷ ಕಣೇ ತಾಯಿ, ಇರುವೆ ಕಚ್ಚಿದಂಗೆ ಅಷ್ಟೇ" ಎಂದು ಅವರು ಬೆನ್ನು ಸವರುತ್ತಿರುವಾಗ ಸದರಿ ಹಸುವು ಬಕೆಟ್ಟನ್ನು ಒದೆಯಲಾಗಿ, ಹಾಲಪ್ಪನವರು ಜಾರಿ, ಲಸಿಕೆಯು ಪೂರ್ತಿಯಾಗಿ ಅವರ ತೊಡೆಗೇ ಇಳಿದಿರುತ್ತದೆ. ವೈದ್ಯರು ಪರೀಕ್ಷಿಸಿ, ಅಪಾಯವಿಲ್ಲ ಎಂದಿರುತ್ತಾರೆ. ಅವರು ಮನುಷ್ಯರ ವೈದ್ಯರಾದ್ದರಿಂದ ಅವರ ಅಭಿಪ್ರಾಯವನ್ನು ಪರಿಗಣಿಸಲಾಗಿಲ್ಲ.

2. ಲಸಿಕೆ ಪಡೆದ ಪ್ರತಿ ಜೀವಿಯ ಕಿವಿಯೋಲೆ ಸಂಖ್ಯೆಯನ್ನು ತುಂಬದ ಹೊರತು ವಿಭಾಗದ ಕಂಪ್ಯೂಟರು ಆ ದಿನವನ್ನು ಮುಗಿಯಗೊಡುವುದಿಲ್ಲ. ಆದಕಾರಣ ಹಾಲಪ್ಪನವರನ್ನು ದನವೆಂದು ಪರಿಗಣಿಸಿ ಹಳದಿ ಓಲೆಯನ್ನು ನೀಡಲಾಯಿತು. ಚುಚ್ಚದೆ ದಾರದಲ್ಲಿ ಕಟ್ಟಿಕೊಳ್ಳಲು ಮಾನವೀಯ ನೆಲೆಯಲ್ಲಿ ಅನುಮತಿಸಲಾಗಿದೆ. "ಸಾರ್, ನಾನು ಮನುಷ್ಯ ಸಾರ್, ವರ್ಕ್ ಪರ್ಮಿಟ್ ಇದೆ" ಎಂದು ಅವರು ಫೋನಿನಲ್ಲಿ ಮನವಿ ಮಾಡಿದಾಗ, ಕೆಳಗೆ ಸಹಿ ಮಾಡಿರುವ ಅಧೀಕ್ಷಕರು, "ಪರ್ಮಿಟ್ ಕೆಲಸಕ್ಕೆ ಕೊಟ್ಟಿರೋದು, ಹಾಲಪ್ಪ. ಅದರಲ್ಲಿ ಮನುಷ್ಯ ಅಂತ ಎಲ್ಲಿ ಬರ್ದಿದೆ ತೋರ್ಸಿ" ಎಂದು ಸಮಾಧಾನ ಹೇಳಿರುತ್ತಾರೆ.

3. ಲಸಿಕೆ ಪಡೆದ ದನವು ನಿಗಾ ಅವಧಿಯ ಗಡುವು ಮುಗಿಯುವವರೆಗೆ ಪ್ರಾಂತದ ಗಡಿ ದಾಟುವಂತಿಲ್ಲ. ಗಡಿಯಾಚೆಯ ಆಮರ್ಸ್‌ಫೋರ್ಟಿನಲ್ಲಿ ಮನೆಯುಳ್ಳ ಹಾಲಪ್ಪನವರು ಕೊಟ್ಟಿಗೆಯಲ್ಲೇ ತಂಗತಕ್ಕದ್ದು. ಸದರಿ ಅವಧಿಯಲ್ಲಿ:
(ಅ) ಅವರ ಹಾಲನ್ನು ಮಾರುಕಟ್ಟೆಗೆ ಕಳುಹಿಸುವಂತಿಲ್ಲ;
(ಆ) ಮೆಲುಕು ಹಾಕುವುದು ಕಡ್ಡಾಯವಲ್ಲ, ಆದರೆ ಪ್ರಯತ್ನವನ್ನು ಶ್ಲಾಘಿಸಲಾಗುವುದು;
(ಇ) ಕಚೇರಿಯ ಮೀಟಿಂಗಿಗೆ ಲ್ಯಾಪ್‌ಟಾಪಿನಲ್ಲಿ ಹಾಜರಾಗಬಹುದು. ತಲೆಯಾಡಿಸುವುದನ್ನು ಒಪ್ಪಿಗೆಯೆಂದು ಭಾವಿಸಲಾಗುವುದಿಲ್ಲ.

4. ಮರುದಿನ ಪತ್ನಿ ಶ್ರೀಮತಿ ರುಕ್ಮಿಣಿಯವರು ಚಿತ್ರಾನ್ನದ ಡಬ್ಬಿಯೊಡನೆ ರೈಲಿನಲ್ಲಿ ಬಂದು, ಬಾಗಿಲಲ್ಲಿ ಬೂಟು ತೊಳೆದು ಒಳಹೊಕ್ಕು, "ಓಲೆ ಕೊಡ್ಸಿ ಓಲೆ ಕೊಡ್ಸಿ ಅಂತ ಕೇಳ್ತಿರೋದು ನಾನು. ನೀವು ಹಾಕ್ಕೊಂಡು ನಿಂತಿದೀರಲ್ರೀ!" ಎಂದು ಆಕ್ಷೇಪಣೆ ಸಲ್ಲಿಸಿದರು. ಚಿತ್ರಾನ್ನವನ್ನು ಪಶು ಆಹಾರವೆಂದು ಪರೀಕ್ಷೆಗೆ ಕಳುಹಿಸಲಾಗಿ, ಪರೀಕ್ಷಕರು ಇನ್ನಷ್ಟು ಮಾದರಿ ಕೇಳಿರುತ್ತಾರೆ.

ಹಾಲಪ್ಪನವರು ನಗಲಿಲ್ಲ. "ನನ್ನ ಕತೆ ಹಾಳಾಗ್ಲಿ ಬಿಡು. ಬೆರ್ತಾಗೆ ಸೂಜಿ ಬಿದ್ದಿಲ್ಲ. ಕುರಿ ಬಂದ್ರೆ ಇವಳೂ ಕರುವಿನ ಹಿಂದೇನೇ ಹೋಗ್ತಾಳೆ. ಇನ್ನೊಂದು ಡೋಸ್ ಕೇಳಿದ್ರೆ ತಲೆಗೊಂದೇ ಅಂತಾರೆ" ಎಂದರು. ರುಕ್ಮಿಣಿಯವರು ಒಂದು ಗಳಿಗೆ ಗಂಡನನ್ನೂ ಹಸುವನ್ನೂ ನೋಡಿ, "ಅಲ್ಲಾರೀ, ನಿಮ್ಮನ್ನ ದನ ಅಂದ್ಮೇಲೆ ಕೊಟ್ಟಿಗೇಲಿ ಒಂದು ತಲೆ ಜಾಸ್ತಿ ಆಯ್ತಲ್ವಾ? ಹಾಗಾದ್ರೆ ಇನ್ನೊಂದು ಡೋಸ್ ಅವರೇ ಕಳಿಸ್ಬೇಕಲ್ಲ?" ಎಂದರು.

5. ಈ ವಾದವನ್ನು ತಿರಸ್ಕರಿಸಲು ಸೂಕ್ತ ನಿಯಮವನ್ನು ವಿಭಾಗವು ಊಟ ಬಿಟ್ಟು ಹುಡುಕಿದ್ದು, ದೊರೆತಿರುವುದಿಲ್ಲ. 'ಹಾಲಪ್ಪ, ಹೋರಿ' ಎಂಬ ಹೆಸರಿನಲ್ಲಿ ಲಸಿಕೆ ಬಿಡುಗಡೆಯಾಯಿತು. ಬೆರ್ತಾ ರುಕ್ಮಿಣಿಯವರ ಅಂಗೈಯನ್ನು ನೆಕ್ಕುತ್ತ ಮೈಮರೆತಿರಲು, ಹಾಲಪ್ಪನವರು ಅವಳಿಗೆ ಸೂಜಿ ಚುಚ್ಚಿದರು. ಆನಂತರ ಅವರು ಹಸುವಿನ ಕೊರಳಿಗೆ ಮುಖವಿಟ್ಟು ಬಹಳ ಹೊತ್ತು ನಿಂತಿದ್ದುದನ್ನು 'ಹಿಂಡಿನೊಡನೆ ಹೊಂದಿಕೆ: ಉತ್ತಮ' ಎಂದು ದಾಖಲಿಸಲಾಗಿದೆ.

6. ದನವನ್ನು ದಾಖಲೆಯಿಂದ ತೆಗೆಯಲು ಕಸಾಯಿಖಾನೆ ಅಥವಾ ಮಾಲೀಕರ ಬದಲಾವಣೆ, ಇವೆರಡೇ ಮಾರ್ಗಗಳಿವೆ. ಮೊದಲನೆಯದಕ್ಕೆ ಹಾಲಪ್ಪನವರು ಉತ್ಸಾಹ ತೋರಿರುವುದಿಲ್ಲ. ಗಡುವು ಮುಗಿದ ದಿನ ರುಕ್ಮಿಣಿಯವರು, "ಮದುವೆ ಆದಾಗಿಂದ ಮೇಯಿಸ್ತಿರೋದು ನಾನೇ ಅಲ್ವಾ, ಕೊಡಿ ಇತ್ಲಾಗೆ" ಎಂದು ಮಾಲೀಕರ ಜಾಗದಲ್ಲಿ ಸಹಿ ಹಾಕಿ, ಅವರನ್ನು ರೈಲಿನ ಕಿಟಕಿ ಪಕ್ಕ ಕೂರಿಸಿಕೊಂಡು ಊರಿಗೆ ಕರೆದೊಯ್ದಿರುತ್ತಾರೆ. ಕುರಿಮಂದೆ ಬಂದು ಹೋಯಿತು. ಬೆರ್ತಾ ಬೇಲಿಯ ಬಳಿ ಆರೋಗ್ಯವಾಗಿ ಮೇಯುತ್ತಿರುವುದಾಗಿ ಹೆಂಕ್ ಅವರು ಫೋಟೊ ಸಮೇತ ತಿಳಿಸಿದ್ದಾರೆ.

7. ಇದನ್ನು ಕಂಡು, ಲಸಿಕೆ ಸಾಲದೆ ಬಂದ ಕೊಟ್ಟಿಗೆಗಳಲ್ಲಿ ಸಿಬ್ಬಂದಿಯು ತಾವಾಗಿಯೇ ದನವಾಗಲು ಮುಂದೆ ಬರುತ್ತಿರುವುದು ವಿಭಾಗದ ಗಮನಕ್ಕೆ ಬಂದಿದೆ. ಪೂರ್ವಾನುಮತಿಯಿಲ್ಲದೆ ಯಾರೂ ದನವಾಗತಕ್ಕದ್ದಲ್ಲವೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

(ಸಹಿ/-)
ತ್ಯಾಗರಾಜ
ಅಧೀಕ್ಷಕರು (ಮನುಷ್ಯ ವರ್ಗ)

ಪ್ರತಿಗಳು:
1. ಕುರಿಮಂದೆಯ ಮಾಲೀಕರಿಗೆ, ಕುರಿಗಳಿಗೆ ತಿಳಿಸಬಾರದೆಂಬ ಷರತ್ತಿನೊಂದಿಗೆ.
2. ಸಿಬ್ಬಂದಿ ಶಾಖೆಗೆ, ಹಾಲಪ್ಪನವರು ಕೊಟ್ಟಿಗೆಯಲ್ಲಿ ಕಳೆದ ಅವಧಿಯು ರಜೆಯೋ ಮೇವೋ ಎಂದು ತೀರ್ಮಾನಿಸಲು.
3. ಶ್ರೀಮತಿ ರುಕ್ಮಿಣಿ ಅವರಿಗೆ, ಮಾಲೀಕರೆಂಬ ನೆಲೆಯಲ್ಲಿ.
4. ಬೆರ್ತಾಗೆ (ಎರಡನೆಯ ಪ್ರತಿ, ಮೊದಲನೆಯದನ್ನು ತಿಂದಿರುವುದಾಗಿ ವರದಿಯಾಗಿದೆ).