ಜಾದೂ ಕಾಕಾನ ಕೋಟು

ಹುಮನಾಬಾದಿನಲ್ಲಿ ನನ್ನದೊಂದು ದರ್ಜಿ ಅಂಗಡಿ. ನಗಿಸುತ್ತ ನಗಿಸುತ್ತ ಜಾದೂ ಮಾಡುವ ಹಿರಿಯ ಕಲಾವಿದ, ಊರಿಗೆಲ್ಲ ಕಾಕಾ, ಆತನ ಕೋಟು ಹೊಲಿಯುವವನು ನಾನೇ. ಆತನ ಅಭಿಮಾನಿಗಳು ಕೂಡುವುದೂ ನನ್ನ ಅಂಗಡಿ ಕಟ್ಟೆಯ ಮೇಲೇ. ಹೀಗಾಗಿ ಅರ್ಧ ನಿಜ, ಅರ್ಧ ಕನಸಿನಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ.

ಕಿವಿಯ ತತ್ತಿ

ಒಮ್ಮೆ ಕಾಕಾ ಮೋರಖಂಡಿಯ ರೈತನೊಬ್ಬನ ಕಿವಿಯಿಂದ ಜವಾರಿ ತತ್ತಿ ತೆಗೆದು ಅವನ ಕೈಗೇ ಕೊಟ್ಟ. ಸಾರು ಮಾಡೋಣವೆಂದು ಮನೆಯವರು ಎಷ್ಟು ಹೇಳಿದರೂ ಒಪ್ಪದ ರೈತ, ಅದನ್ನು ಕಾವು ಕೂತ ಕೋಳಿಯ ಕೆಳಗಿಟ್ಟ. ತಿಂಗಳೊಳಗೆ ನನ್ನ ಅಂಗಡಿಗೆ ಬಂದು, ಅಂಗಿಯೊಳಗಿಂದ ಹಳದಿ ಮರಿ ತೆಗೆದು ಅಲ್ಲೇ ಕೂತಿದ್ದ ಕಾಕಾನ ಅಂಗೈ ಮೇಲೆ ಬಿಟ್ಟ. ಕಾಕಾ ಬೆರಗಾಗಿ ಮರಿಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ.

"ಇದನ್ನ ಹ್ಯಾಂಗ ಮಾಡ್ದಿ?"

"ಹೇಳಂಗಿಲ್ರಿ ಕಾಕಾ. ನೀವೂ ನಮಗ ಎಂದೂ ಹೇಳಿಲ್ಲ."

ಮಾಸ್ತರರ ಮೊಬೈಲು

ಮುಡಬಿಯ ಮಾಸ್ತರರೊಬ್ಬರು ಕಾಕಾನ ಆಟವನ್ನು ಮೊಬೈಲಿನಲ್ಲಿ ಹಿಡಿದು ತಂದರು. "ನಿಧಾನಕ್ಕ ಓಡಿಸಿದ್ರ ಎಲ್ಲಾ ಕಾಣ್ತದ ನೋಡ್ರಿ," ಎಂದರು. ಗುಟ್ಟು ತಿಳಿದರೆ ನಮ್ಮ ಗತಿಯೇನು? ಕಟ್ಟೆಯ ಮೇಲಿದ್ದ ಏಳೂ ಜನ ಕಣ್ಣು ಮುಚ್ಚಿಕೊಂಡೆವು. ಮಧ್ಯಾಹ್ನದ ತಂಪು ನೆರಳು, ಬೇವಿನ ಗಾಳಿ. ಒಬ್ಬಿಬ್ಬರಿಗೆ ಸಣ್ಣ ನಿದ್ದೆಯೂ ಹತ್ತಿತು.

"ಮುಗೀತೇನ್ರಿ ಮಾಸ್ತರ?" ಎಂದು ಕೇಳಿದೆ. ಕಣ್ಣು ಬಿಟ್ಟರೆ, ಮಾಸ್ತರರೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ಆರು ಹೊಲಿಗೆ

ಈ ವರ್ಷ ಬಸವಕಲ್ಯಾಣದಲ್ಲಿ ಆಟ. ಕಾಕಾನ ಬೆರಳುಗಳು ಈಗ ನಡುಗುತ್ತವೆ. "ಇವತ್ತ ಕೈ ತಪ್ಪಿದ್ರ ಈ ಕೋಟ ಮತ್ತ ಹಾಕೋದಿಲ್ಲ," ಎಂದಿದ್ದ. ಆ ಮಾತಿಗೆ ನನ್ನ ಜೀವ ಹಾರಿಹೋಗಿತ್ತು.

ಪರದೆಯ ಹಿಂದೆ ಗೂಟಕ್ಕೆ ತೂಗಿದ್ದ ಕೋಟಿನ ಒಳಬಟ್ಟೆಯಲ್ಲಿ, ಅಸ್ತರಿನಲ್ಲಿ, ಹರಕು ಕಂಡಿತು. ದರ್ಜಿಯ ಕೈ ಸುಮ್ಮನಿರುತ್ತದೆಯೇ? ಆರು ಹೊಲಿಗೆ ಹಾಕಿಬಿಟ್ಟೆ. ನಡುಗುವ ಬೆರಳಿಗೆ ಸಲೀಸಾಗಲೆಂದು ಕಾಕಾ ತಾನೇ ಕತ್ತರಿಸಿಕೊಂಡಿದ್ದ ಕಳ್ಳಕಿಸೆಯ ಬಾಯಿ ಅದು! ಒಳಗೆ ಪಾರಿವಾಳ ಸದ್ದಿಲ್ಲದೆ ಕೂತಿತ್ತು. ಇದೆಲ್ಲ ನನಗೆ ಹೊಳೆದದ್ದು ಕಾಕಾ ವೇದಿಕೆಯ ಮೇಲೆ ಪಾರಿವಾಳ ತೆಗೆಯಲು ಕೋಟಿನೊಳಗೆ ತಡಕಾಡತೊಡಗಿದಾಗ.

ಕೈ ಒಳಗೆ ಹೋಗಲೊಲ್ಲದು. ಆಗ ಕೋಟಿನೊಳಗಿಂದ "ಗುಟುರ್ ಗೂ" ಎಂದು ಕೇಳಿತು. ಕಾಕಾ ಗಾಬರಿಯಿಂದ ಕೋಟನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ.

ಮುಂದಿನ ಸಾಲಿನಲ್ಲಿದ್ದ ನಾರಾಯಣಪುರದ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. "ಕಾಕಾ, ನಮಗೇನೂ ಕೇಳಿಸಿಲ್ರಿ!"

"ಕೇಳಿಸಿಲ್ರೀ!" ಎಂದಿತು ಇಡೀ ಸಭೆ.

ಕಾಕಾ ಕಣ್ಣೊರೆಸಿಕೊಂಡ. "ಹಂಗಾದ್ರ ಪಾರಿವಾಳ ಎಲ್ಲಿ ಹೋತು?"

"ಮಾಯ ಆತ್ರೀ!"

ಸೀಟಿ, ಚಪ್ಪಾಳೆ. ನಾನಂತೂ ಅತ್ತೇಬಿಟ್ಟೆ. ಕಾಕಾ ಎದೆಯುಬ್ಬಿಸಿ ಸಾರಿದ: "ಬರೋ ತಿಂಗಳ ಹುಮನಾಬಾದದಾಗ ಇದೇ ಕೋಟ ಹಾಕ್ಕೊಂಡು ಅದನ್ನ ವಾಪಸ್ ತರ್ತೀನಿ!"

"ಗುಟುರ್ ಗೂ," ಎಂದಿತು ಕೋಟು.

ಕಾಕಾ ಅದನ್ನು ಮೆಲ್ಲಗೆ ತಟ್ಟಿ ಗದರಿದ: "ಏ, ಮಾಯ ಆದವ್ರು ಮಾತಾಡಬಾರದು!"