ಮಾಮಾನ ಕುಂಡಗಳಿಗೆ ಯಾವ ಎಣ್ಣೆ?

ನಾಸಿಕ್ ರೋಡಿನ ಪೇಂಟ್ ಅಂಗಡಿಯವರು ಯಾರಿಗಾದರೂ ಹೆದರುತ್ತಾರೆಂದರೆ ಅದು ನಮ್ಮ ಮಾಮಾನಿಗೆ ಮಾತ್ರ. ಅವರು ದೂರದಲ್ಲಿ ಕಂಡರೆ ಸಾಕು, ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿನಲ್ಲೇ ಮಾಲೀಕನಿಗೆ ಊಟದ ನೆನಪಾಗಿಬಿಡುತ್ತದೆ!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಮಹಾರಾಷ್ಟ್ರದ ಈ ಊರಿಗೆ ಬಂದವರು ನಿವೃತ್ತರಾಗಿ ಇಲ್ಲೇ ಉಳಿದರು. ನನಗೂ ಈಗ ಇದೇ ಊರಿಗೆ ವರ್ಗವಾಗಿರುವುದರಿಂದ ಭಾನುವಾರದ ಊಟ ಅವರ ಮನೆಯಲ್ಲಿ.

ಮಾಮಿಯ ಕಣ್ಣು ಈಚೆಗೆ ಪೂರ್ತಿ ಮಂಜಾಗಿದೆ. ಟೆರೇಸಿನ ಮೇಲಿದ್ದ ತಮ್ಮ ತೋಟಕ್ಕೆ ಹತ್ತುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ "ನನ್ನ ತ್ವಾಟ ಮುಗೀತು" ಎಂದು ಕೈತೊಳೆದುಕೊಂಡರು. ಮಾಮಾ ಕೇಳಬೇಕಲ್ಲ? ತೋಟವೇ ಕೆಳಗಿಳಿದು ಬರಬೇಕೆಂದು ಹಟ ಹಿಡಿದರು. ಹಳೆಯ ಸಾಗವಾನಿ ಕಿಟಕಿಗಳನ್ನು ಕೊಯ್ಯಿಸಿ, ಮಾಮಿ ಬಗ್ಗದೆ ಕೈಯಾಡಿಸುವಷ್ಟು ಎತ್ತರದ ಮರದ ಕುಂಡಗಳನ್ನು ಮಾಡಿಸಿ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನಿಲ್ಲಿಸಿದರು. ಇನ್ನು ಬಿಸಿಲಿಗೆ ಸೀಳದಂತೆ, ಮಳೆಗೆ ಕೊಳೆಯದಂತೆ ಮೇಲೇನು ಬಳಿಯುವುದು ಎನ್ನುವುದಷ್ಟೇ ಪ್ರಶ್ನೆ. ಅಷ್ಟಕ್ಕೇ ಒಂದು ಬೇಸಿಗೆ ಮುಗಿಯಿತು!

ಮೊದಲು ಪೇಂಟ್ ಅಂಗಡಿ. "ಇದನ್ನ ತಿಂದರ ಏನಾಗತದ?" ಎಂದು ಮಾಮಾ ಡಬ್ಬಿ ತೋರಿಸಿ ಮರಾಠಿಯಲ್ಲಿ ಕೇಳಿದರು. ಅಂಗಡಿಯವನು ಕಂಗಾಲು. "ಕಾಕಾ, ಪೇಂಟ್ ಕಶಾಲಾ ಖಾತಾ?" ಯಾತಕ್ಕೆ ತಿನ್ನುತ್ತೀರಿ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾಮಿ ಕೊತ್ತಂಬರಿಯನ್ನು ಕಿತ್ತಲ್ಲೇ ಬಾಯಿಗೆ ಹಾಕಿಕೊಳ್ಳುವವರು ಎಂದು ಮಾಮಾ ಅವನಿಗೆ ಬಿಡಿಸಿ ಹೇಳಲಿಲ್ಲ.

ಆಮೇಲೆ ಪರೀಕ್ಷೆಗಳು. ಮರದ ಪಟ್ಟಿಗಳಲ್ಲಿ ಒಂದಕ್ಕೆ ವಾರ್ನಿಶ್, ಒಂದಕ್ಕೆ ಪಾಲಿಶ್, ಒಂದಕ್ಕೆ ಮೇಣ ಹಚ್ಚಿ, ನೀರಲ್ಲಿ ನೆನೆಸಿ, ಬಟ್ಟೆಯ ತಂತಿಗೆ ಕ್ಲಿಪ್ಪು ಸಿಕ್ಕಿಸಿ ಒಣಹಾಕಿದರು. ಬನಿಯನು, ಪಟ್ಟಿ, ಟವೆಲು, ಪಟ್ಟಿ! ಕೆಳಮನೆಯವರು ಈ ಮನೆಯಲ್ಲಿ ಸೌದೆಯನ್ನೂ ಒಗೆಯುತ್ತಾರೆಂದು ಇಡೀ ಸೊಸೈಟಿಗೆ ಸುದ್ದಿ ಹಬ್ಬಿಸಿದರು.

ಮೂಲೆಯಲ್ಲಿ ಶುದ್ಧ ಶಾಕಾಹಾರಿ ಹೋಟೆಲ್ ನಡೆಸುವ, ನಮ್ಮ ಕರಾವಳಿಯ ಭಟ್ಟರು ಅತ್ತಿತ್ತ ನೋಡಿ ಗುಟ್ಟು ಹೇಳಿದರು. "ನಮ್ಮ ಊರಲ್ಲಿ ದೋಣಿಗೆ ಮೀನೆಣ್ಣೆ ಹಚ್ಚುದು ಮಾರಾಯ್ರೇ. ಸಮುದ್ರದ ನೀರಿಗೇ ಏನೂ ಮಾಡ್ಲಿಕ್ಕೆ ಆಗುದಿಲ್ಲ. ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ!" ಊರಿಂದ ಬಂದವರ ಕೈಯಲ್ಲಿ ಬಾಟಲಿಯನ್ನೂ ತರಿಸಿಕೊಟ್ಟರು. ಮಾಮಾ ಪಟ್ಟಿಗೆ ಒಂದು ಕೈ ಬಳಿದಿದ್ದೇ ತಡ, ಸುತ್ತಲಿನ ಬೆಕ್ಕುಗಳೆಲ್ಲ ನಮ್ಮ ಗ್ಯಾಲರಿಯಲ್ಲಿ ಹಾಜರ್!

"ತುಳಸಿ ಹಚ್ಚೂ ಕುಂಡಕ್ಕ ಮೀನೆಣ್ಣಿ ಏನ್ರೀ?" ಒಳಗಿಂದ ಮಾಮಿ. "ನನ್ನ ಕಣ್ಣು ಹೋಗ್ಯಾವ, ಮೂಗು ಹೋಗಿಲ್ಲ!"

ಕೊನೆಗೆ ಗೆದ್ದದ್ದು ಅಗಸೆ ಎಣ್ಣೆ. ಅದಕ್ಕೂ ಮಾಮಿಯ ತಕರಾರು. "ಚಟ್ನಿ-ಹಿಂಡಿ ಮಾಡೂ ಅಗಸಿ ಎಲ್ಲಾ ಕಟಗಿಗೇ ಉಣಸ್ರಿ."

"ಇಷ್ಟ ವರ್ಷ ನಾವು ತಿಂದೇವಿ, ಏನರ ಆಗೇದೇನು? ಕಟಗಿಗೂ ಏನೂ ಆಗಂಗಿಲ್ಲ." ಇದು ಮಾಮಾನ ತರ್ಕ. ವಾರವಾದರೂ ಒಣಗದ ಅದು ಎಣ್ಣೆಯೋ, ಹಟಮಾರಿತನದಲ್ಲಿ ಮಾಮಾನ ತಮ್ಮನೋ! ಮರೆತು ಕುಂಡಕ್ಕೆ ಒರಗಿದಾಗ ಎಣ್ಣೆ ಮೆತ್ತಿದ ನನ್ನ ಆಫೀಸಿನ ಅಂಗಿ ಈಗ ಗಾಡಿ ಒರೆಸುವ ಬಟ್ಟೆಯಾಗಿದೆ.

ಹೋದ ಭಾನುವಾರ ಹೋದಾಗ ಮಾಮಾ ಗ್ಯಾಲರಿಯಲ್ಲಿ ಕಣ್ಣಿಗೆ ಟವೆಲು ಕಟ್ಟಿಕೊಂಡು ನಿಂತಿದ್ದರು. ಕುಂಡದ ಅಂಚಿನ ಮೇಲೆ ಅಂಗೈಯನ್ನು ಮೆಲ್ಲಗೆ ಎಳೆಯುತ್ತ, ಎಲ್ಲಾದರೂ ಸಿಬಿರು ಚುಚ್ಚಿದರೆ ಅಲ್ಲೇ ಮರಳುಕಾಗದದಿಂದ ಉಜ್ಜುತ್ತಿದ್ದರು. ನನಗೆ ನಗು ಬಂತು.

"ಇಷ್ಟ್ಯಾಕ ಮಾಮಾ? ಪೇಂಟ್ ಬಳದಿದ್ರ ತಾನ ನುಣ್ಣಗ ಆಗತಿತ್ತು."

"ಎಲ್ಲಾ ಕುಂಡ ಒಂದೇ ಥರಾ ನುಣ್ಣಗ ಆಗತಿದ್ದೂವೋ ತಮ್ಮಾ. ಯಾವ ಕುಂಡದಾಗ ಏನದ ಆಕಿಗೆ ಹ್ಯಾಂಗ ತಿಳೀಬೇಕು? ಎಣ್ಣಿ ಹಚ್ಚಿದರ ಕಟಗಿ ಗೆರಿ ಕೈಗೆ ಹತ್ತತದ."

ನನ್ನ ನಗು ಅಲ್ಲೇ ನಿಂತಿತು. ಇಡೀ ಬೇಸಿಗೆ ಇವರನ್ನು ಆಡಿಕೊಂಡು ನಕ್ಕೆನಲ್ಲ!

ಅಷ್ಟರಲ್ಲಿ ಮಾಮಿ ಗೋಡೆ ಹಿಡಿದು ಬಂದರು. ಮಾಮಾ ಟವೆಲು ಬಿಚ್ಚದೆಯೇ ತಡಕಾಡಿ ಅವರ ಕೈ ಹುಡುಕಿ ಕುಂಡದ ಅಂಚಿನ ಮೇಲಿಟ್ಟರು. "ಇಲ್ಲೊಂದು ಗಂಟದ ನೋಡು. ಇದು ಮೆಂತೇದು."

ಮಾಮಿಯ ಬೆರಳು ಆ ಗಂಟನ್ನು ಸುತ್ತಿ ಸುತ್ತಿ ನೋಡಿತು. ಆಮೇಲೆ ಮುಂದಕ್ಕೆ ಸರಿದು ಮಣ್ಣಿಗಿಳಿಯಿತು.

"ಮಣ್ಣು ಒಣಗೇದ್ರೀ," ಎಂದರು ಮಾಮಿ. "ನೀರು ತರ್ರಿ ಮೊದಲ."