ಶಂಭುಲಿಂಗನ ಅವ್ವ

ಬೊಂಬೆಯನ್ನೇ ರೋಗಿಯೆಂದು ಮಲಗಿಸಿ ನಡೆಸುವ ಪರೀಕ್ಷೆಯಲ್ಲಿ ರೋಗಿಯ ತಾಯಿಯ ಪಾರ್ಟು ಮಾಡಬೇಕಿದ್ದ ಮೇಘಾಳಿಗೆ ಜ್ವರ ಬಂದಿತು. ಹಾವೇರಿಯ ನರ್ಸಿಂಗ್ ಕಾಲೇಜಿನ ಮೂರನೇ ವರ್ಷದ ಫಕ್ಕೀರೇಶ, ನೆಲ ಒರೆಸುತ್ತಿದ್ದ ಆಯಾ ಮಂಗಳವ್ವನನ್ನೇ ಹಿಡಿದುಕೊಂಡ.

"ಯವ್ವಾ, ಕಾಟಿನ ಬಾಜೂಕ ಸುಮ್ನ ನಿಂತು ಅಳು. ಅಷ್ಟ ಸಾಕು."

"ಅಳೂದು ನನಗ ಬರೂದಿಲ್ಲೋ ತಮ್ಮಾ."

"ಬರತೈತಿ ಬಾ."

ಅಂದು ತಂಡಕ್ಕೆ ಅವನೇ ಲೀಡರ್. ಪಾಸಾದರೆ ಮರುದಿನದಿಂದಲೇ ಅವನ ಊರು ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳು. ಇಲ್ಲದಿದ್ದರೆ ಇನ್ನೊಂದು ತಿಂಗಳು ಇದೇ ರಬ್ಬರ್ ಬೊಂಬೆ. ಬೊಂಬೆಗೆ ಹುಡುಗರು ಇಟ್ಟ ಹೆಸರು ಶಂಭುಲಿಂಗ. ಆ ದಿನ ಶಂಭುಲಿಂಗ, ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಘಾಟಿಗೆ ಉಸಿರು ಕಟ್ಟಿದ ಹಮಾಲ.

ಗಾಜಿನಾಚೆ ಪರೀಕ್ಷಕಿಯಾಗಿ ಕುಳಿತ ದ್ರಾಕ್ಷಾಯಿಣಿ ಮೇಡಂ ಗುಂಡಿ ಒತ್ತಿದರು. ಮಾನಿಟರ್ ಅರಚತೊಡಗಿತು.

"ಯಾರರ ಆಕ್ಸಿಜನ್ ಹಚ್ರಿ" ಎಂದ ಫಕ್ಕೀರೇಶ.

ತಂಡದಲ್ಲಿದ್ದ ದುರ್ಗಾ, ಸುಭಾಷನ ಮುಖ ನೋಡಿದಳು, ಸುಭಾಷ ಸೈದಾಬಿಯ ಮುಖ, ಸೈದಾಬಿ ದುರ್ಗಾಳ ಮುಖ. ಮೊದಲ ಪಂಕ್ತಿಗೆ 'ನೀವು ಕುಂದ್ರಿ, ನೀವು ಕುಂದ್ರಿ' ಎನ್ನುತ್ತ ನಿಂತ ಬೀಗರಂತೆ ಮೂವರೂ ನಿಂತರು.

"ಲಗೂನ ಯಾರರ ಡಾಕ್ಟರಿಗೆ ಫೋನ್ ಹಚ್ರಿ."

ಈ ಸಲ ಮೂವರೂ ಒಂದೇ ಫೋನಿನ ಮೇಲೆ ಬಿದ್ದರು. ಆಕ್ಸಿಜನ್ ಅಂಕಿ ಎಂಬತ್ತಕ್ಕಿಳಿಯಿತು. ಫಕ್ಕೀರೇಶ ತಲೆ ಹಿಡಿದುಕೊಂಡ.

"ಸಾಯಬ್ಯಾಡೋ ಶಂಭುಲಿಂಗಾ, ನಿನ್ನ ಕಾಲ ಬೀಳತೇನಿ..." ಕಣ್ಣೀರು ಬಂದೇಬಿಟ್ಟಿತು.

ಆರು ವರ್ಷ ಅದೇ ಕೋಣೆ ಒರೆಸುತ್ತ ಎಲ್ಲ ಬ್ಯಾಚುಗಳ ಪಾಠ ಕೇಳಿದ್ದ ಮಂಗಳವ್ವನಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿದಳು.

"ಏ ದುರ್ಗಾ, ನೀ ಆಕ್ಸಿಜನ್ ಹಚ್ಚು. ಹಚ್ಚಿ ನನಗ ಹೇಳು. ಸುಭಾಷಾ, ಫೋನ್ ನೀ ಒಬ್ಬನ ಮಾಡು. ಸೈದಾಬಿ, ಇವನ್ನ ಎತ್ತಿ ಕುಂದ್ರಸು."

ಹಿರೇ ಹೆಣ್ಣುಮಗಳು ಹೇಳಿದ ಮೇಲೆ ಇಲ್ಲವೆನ್ನುವ ರೂಢಿ ನಮ್ಮ ಕಡೆ ಇಲ್ಲ.

"ಆಕ್ಸಿಜನ್ ಹಚ್ಚೇನಬೇ."

"ಡಾಕ್ಟರ್ ಬರಾಕತ್ತಾರಬೇ."

"ಕುಂದ್ರಿಸೇನಬೇ."

ತೊಂಬತ್ತಾರು. ಮಾನಿಟರ್ ಬಾಯಿ ಮುಚ್ಚಿತು.

ಫಕ್ಕೀರೇಶ ಕುಣಿದಾಡಿದ. ರೋಗಿ ಉಳಿದನೆಂದರೆ ಪಾಸು. ಮನೆಗೆ ಫೋನ್ ಮಾಡಿ, "ಅವ್ವಾ, ನಾಳೆ ಬರಾಕತ್ತೇನಿ" ಎಂದೂ ಹೇಳಿಬಿಟ್ಟ.

ಮಧ್ಯಾಹ್ನ ಮೇಡಂ ಪರೀಕ್ಷೆಯ ವಿಡಿಯೋ ಹಾಕಿದರು. ಯಾರು ಯಾರಿಗೆ ಏನು ಹೇಳಿದರು, ಕೇಳಿದವರು ತಿರುಗಿ ಉತ್ತರ ಕೊಟ್ಟರೋ ಇಲ್ಲವೋ, ಎಲ್ಲವನ್ನೂ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು ಹಾಳೆ ಎತ್ತಿದರು.

"ಹೆಸರು ಹಿಡದು ಕೆಲಸ ಹಚ್ಚಿದ್ದು, ಆತು ಅನ್ನೂತನಕ ಕಾದದ್ದು... ಲೀಡರ್ ಭಾಳ ಚಲೋ ಮಾಡ್ಯಾರ. ಇಪ್ಪತ್ತಕ್ಕ ಹತ್ತೊಂಬತ್ತು."

ಫಕ್ಕೀರೇಶ ಎದ್ದು ನಿಂತ.

"ನೀ ಕುಂದ್ರು. ಮಂಗಳವ್ವನ್ನ ಕರೀರಿ."

"ಮತ್ತ ನಂದ್ರಿ ಮೇಡಂ?"

"ನಿನಗೂ ಹಾಕೇನಿ. ರೋಗಿ ತಾಯಿ ಪಾರ್ಟಿಗೆ."

ಮರುದಿನ ರಾಣೆಬೆನ್ನೂರಿನ ಬಸ್ಸು ಉಳಿದ ಮೂವರನ್ನು ಹತ್ತಿಸಿಕೊಂಡು ಹೋಯಿತು. ಫಕ್ಕೀರೇಶ ಮತ್ತೆ ಶಂಭುಲಿಂಗನ ಪಕ್ಕದಲ್ಲಿದ್ದ, ಬೇರೆ ತಂಡ, ಬೇರೆ ಲೀಡರ್. ಮಂಗಳವ್ವ ಒರೆಸುವ ಕೋಲಿಗೆ ಒರಗಿ ಹೇಳಿದಳು:

"ಸುಮ್ನ ನಿಂತು ಅಳು ತಮ್ಮಾ. ಅಷ್ಟ ಸಾಕು."